ಕಡಲಂಚಿನ ಕಾಲುದಾರಿಯಲ್ಲಿ ಓಟ: ದಕ್ಷಿಣ ಆಫ್ರಿಕಾದ ‘ಆಟರ್ ಟ್ರೇಲ್’

ದಕ್ಷಿಣ ಆಫ್ರಿಕಾದ ದಕ್ಷಿಣ ಕರಾವಳಿಯಲ್ಲಿ ಒಂದು ಕಾಲುದಾರಿಯಿದೆ. ಒಂದು ಬದಿಗೆ ಹಿಂದೂ ಮಹಾಸಾಗರ, ಇನ್ನೊಂದು ಬದಿಗೆ ಕಡಿದಾದ ಗುಡ್ಡ ಹಾಗೂ ದಟ್ಟ ಕಾಡು. ಸುಮಾರು 45 ಕಿ.ಮೀ. ಉದ್ದದ ಈ ಹಾದಿಯನ್ನು ಕ್ರಮಿಸಲು ಚಾರಣಿಗರಿಗೆ 5 ದಿನ ಬೇಕು. ಇದೇ ಹಾದಿಯಲ್ಲಿ ವರ್ಷಕ್ಕೊಮ್ಮೆ ನಡೆಯುವ ಸ್ಪರ್ಧೆಯಲ್ಲಿ ಓಟಗಾರರು ಒಂದೇ ಹಗಲಿನಲ್ಲಿ ಗುರಿ ಮುಟ್ಟುತ್ತಾರೆ. ಇದರ ಹೆಸರು ‘ಆಟರ್ ಟ್ರೇಲ್’, ಅಂದರೆ ನೀರುನಾಯಿಯ ಹಾದಿ.

ಕಾಡುಮೇಡುಗಳಲ್ಲಿ ಓಡುವ ‘ಟ್ರೇಲ್ ರನ್ನಿಂಗ್’ ಹವ್ಯಾಸ ಈಗ ಕರ್ನಾಟಕದ ನಗರಗಳಿಗೂ ಹೊಸದಲ್ಲ. ಆದರೆ ಸಂರಕ್ಷಿತ ಕಡಲತೀರದಲ್ಲಿ ಓಡುವುದಕ್ಕೂ ಬೆಟ್ಟದಲ್ಲಿ ಓಡುವುದಕ್ಕೂ ಒಂದು ಮೂಲಭೂತ ವ್ಯತ್ಯಾಸವಿದೆ. ಬೆಟ್ಟ ಇದ್ದಲ್ಲಿಯೇ ಇರುತ್ತದೆ. ಕಡಲು ದಿನಕ್ಕೆ ಎರಡು ಬಾರಿ ಹಾದಿಯನ್ನು ತೆರೆದು, ಎರಡು ಬಾರಿ ಮುಚ್ಚುತ್ತದೆ. ಇಲ್ಲಿ ಓಟದ ವೇಳೆಯನ್ನು ನಿಗದಿಪಡಿಸುವುದು ಸಮುದ್ರ. ಓಡುವವರ ಸಂಖ್ಯೆಯನ್ನು ನಿಗದಿಪಡಿಸುವುದು ಉದ್ಯಾನದ ಆಡಳಿತ. ಈ ಎರಡು ಮಿತಿಗಳನ್ನು ಒಪ್ಪಿಕೊಂಡಿರುವುದರಿಂದಲೇ ಅರ್ಧ ಶತಮಾನ ಕಳೆದರೂ ಆಟರ್ ಟ್ರೇಲ್ ತನ್ನ ಸ್ವರೂಪವನ್ನು ಉಳಿಸಿಕೊಂಡಿದೆ.

ಹಾದಿಯ ಹಿನ್ನೆಲೆ

ಈ ಹಾದಿ ಇರುವುದು ಸಿಟ್ಸಿಕಾಮ ಪ್ರದೇಶದಲ್ಲಿ. ಈ ಭಾಗದ ಮೂಲನಿವಾಸಿಗಳಾದ ಖೋಯ್ ಜನರ ಭಾಷೆಯಿಂದ ಬಂದ ಈ ಹೆಸರಿಗೆ ‘ಹೇರಳ ನೀರಿನ ತಾಣ’ ಎಂಬ ಅರ್ಥ ಹೇಳಲಾಗುತ್ತದೆ. ಹೆಸರಿಗೆ ತಕ್ಕಂತೆ ಇಲ್ಲಿ ವರ್ಷವಿಡೀ ಮಳೆ ಬೀಳುತ್ತದೆ. ಮಳೆಗಾಲ, ಬೇಸಿಗೆ ಎಂಬ ಸ್ಪಷ್ಟ ವಿಂಗಡಣೆಯಿಲ್ಲ. ಬೆಟ್ಟಗಳಿಂದ ಇಳಿದು ಬರುವ ಅನೇಕ ಹೊಳೆಗಳು ಆಳವಾದ ಕಮರಿಗಳನ್ನು ಕೊರೆದು ಸಮುದ್ರ ಸೇರುತ್ತವೆ. ಅವುಗಳ ನೀರು ಚಹಾದ ಡಿಕಾಕ್ಷನ್‌ನಂತೆ ಕಂದು. ಇದು ಕೊಳೆಯಲ್ಲ, ‘ಫೈನ್‌ಬಾಸ್’ ಎಂಬ ಸ್ಥಳೀಯ ಕುರುಚಲು ಸಸ್ಯವರ್ಗದ ಎಲೆಗಳಿಂದ ಬಸಿಯುವ ಟ್ಯಾನಿನ್ ಈ ಬಣ್ಣಕ್ಕೆ ಕಾರಣ.

1964ರಲ್ಲಿ ಇಲ್ಲಿ ಸಿಟ್ಸಿಕಾಮ ರಾಷ್ಟ್ರೀಯ ಉದ್ಯಾನ ಸ್ಥಾಪನೆಯಾಯಿತು. ತೀರದ ಕಾಡಿನ ಜೊತೆಗೆ ಸಮುದ್ರದ ಒಂದು ಪಟ್ಟಿಯನ್ನೂ ಸಂರಕ್ಷಣೆಗೆ ಒಳಪಡಿಸಿದ್ದು ಇದರ ವೈಶಿಷ್ಟ್ಯ. ಆಫ್ರಿಕಾ ಖಂಡದ ಮೊದಲ ಸಾಗರ ಸಂರಕ್ಷಿತ ಪ್ರದೇಶ ಎಂಬ ಹಿರಿಮೆ ಇದರದು. 2009ರಲ್ಲಿ ಈ ಉದ್ಯಾನವನ್ನು ಸುತ್ತಲಿನ ಇತರ ಸಂರಕ್ಷಿತ ಪ್ರದೇಶಗಳೊಂದಿಗೆ ವಿಲೀನಗೊಳಿಸಿ ‘ಗಾರ್ಡನ್ ರೂಟ್ ರಾಷ್ಟ್ರೀಯ ಉದ್ಯಾನ’ ಎಂದು ಘೋಷಿಸಲಾಯಿತು.

ಆಟರ್ ಟ್ರೇಲ್ ಆರಂಭವಾದದ್ದು 1968ರಲ್ಲಿ. ದಕ್ಷಿಣ ಆಫ್ರಿಕಾದ ಅಧಿಕೃತ ಚಾರಣ ಹಾದಿಗಳಲ್ಲಿ ಇದೇ ಅತ್ಯಂತ ಹಳೆಯದು. ಪೂರ್ವದಲ್ಲಿ ಸ್ಟಾರ್ಮ್ಸ್ ರಿವರ್ ಅಳಿವೆಯಿಂದ ಹೊರಟು ಪಶ್ಚಿಮದಲ್ಲಿ ನೇಚರ್ಸ್ ವ್ಯಾಲಿ ಎಂಬ ಪುಟ್ಟ ಊರಿನಲ್ಲಿ ಇದು ಮುಗಿಯುತ್ತದೆ. ನಡುವೆ ಬರುವ ಬ್ಲೌಕ್ರಾನ್ಸ್ ನದಿ ಈಸ್ಟರ್ನ್ ಕೇಪ್ ಹಾಗೂ ವೆಸ್ಟರ್ನ್ ಕೇಪ್ ಪ್ರಾಂತ್ಯಗಳ ಗಡಿ.

ಹಾದಿಗೆ ಹೆಸರು ಕೊಟ್ಟದ್ದು ಕೇಪ್ ಪ್ರದೇಶದ ಉಗುರಿಲ್ಲದ ನೀರುನಾಯಿ. ಏಡಿ, ಅಷ್ಟಪದಿ, ಮೀನುಗಳಿಗಾಗಿ ಅದು ಕಡಲಿಗೆ ಇಳಿಯುತ್ತದೆ. ಆದರೆ ಕುಡಿಯಲು ಮತ್ತು ತುಪ್ಪಳಕ್ಕೆ ಅಂಟಿದ ಉಪ್ಪನ್ನು ತೊಳೆದುಕೊಳ್ಳಲು ಅದಕ್ಕೆ ಸಿಹಿನೀರು ಬೇಕೇಬೇಕು. ಹೀಗಾಗಿ ಹೊಳೆಗಳು ಕಡಲನ್ನು ಕೂಡುವ ಜಾಗಗಳೇ ಅದರ ನೆಲೆ. ಅಪರೂಪಕ್ಕೆ ಕಾಣಸಿಗುವ ಈ ಪ್ರಾಣಿಯ ಹೆಜ್ಜೆಗುರುತನ್ನೇ ಹಳದಿ ಬಣ್ಣದಲ್ಲಿ ಬಂಡೆಗಳ ಮೇಲೆ, ಮರಗಳ ಮೇಲೆ ಬರೆಯಲಾಗಿದೆ. ಚಾರಣಿಗರಿಗೂ ಓಟಗಾರರಿಗೂ ದಾರಿ ತೋರಿಸುವುದು ಈ ಹೆಜ್ಜೆಗಳೇ.

ಐದು ದಿನ, ನಾಲ್ಕು ರಾತ್ರಿ

ಓಟದ ಕಷ್ಟವನ್ನು ಅರಿಯಬೇಕಾದರೆ ಮೊದಲು ನಡಿಗೆಯ ಲೆಕ್ಕವನ್ನು ನೋಡಬೇಕು. ಮೊದಲ ದಿನದ ದಾರಿ 5 ಕಿ.ಮೀ.ಗೂ ಕಡಿಮೆ. ಎರಡನೆಯ ಮತ್ತು ಮೂರನೆಯ ದಿನ ತಲಾ 8 ಕಿ.ಮೀ.ನಷ್ಟು. ನಾಲ್ಕನೆಯ ದಿನ ಅತ್ಯಂತ ದೀರ್ಘ, ಸುಮಾರು 14 ಕಿ.ಮೀ. ಉಳಿದದ್ದು ಐದನೆಯ ದಿನಕ್ಕೆ. ರಾತ್ರಿ ತಂಗಲು ನಾಲ್ಕು ಕಡೆ ಮರದ ಗುಡಿಸಲುಗಳಿವೆ. ಅವುಗಳಿಗೆ ಕ್ರಮವಾಗಿ ಎನ್‌ಗೂಬು, ಸ್ಕಾಟ್, ಓಕ್‌ಹರ್ಸ್ಟ್ ಮತ್ತು ಆಂಡ್ರೆ ಎಂಬ ಹೆಸರುಗಳಿವೆ. ಪ್ರತಿ ತಂಗುದಾಣದಲ್ಲಿ ಎರಡು ಗುಡಿಸಲು, ಒಂದೊಂದರಲ್ಲಿ ಆರು ಮಂದಿಗೆ ಮಲಗುವ ವ್ಯವಸ್ಥೆ.

ಒಂದು ದಿನಕ್ಕೆ 5 ಅಥವಾ 8 ಕಿ.ಮೀ. ಎಂದರೆ ನಗರವಾಸಿಗಳಿಗೆ ಬೆಳಗಿನ ವಾಯುವಿಹಾರದಷ್ಟೇ ಅನ್ನಿಸಬಹುದು. ವಾಸ್ತವ ಬೇರೆ. ಇಲ್ಲಿ ಸಮತಟ್ಟಾದ ನೆಲ ಬಹಳ ಕಡಿಮೆ. ಹಾದಿ ಒಮ್ಮೆ ಕಡಲಿನ ಮಟ್ಟಕ್ಕೆ ಇಳಿದು ದೊಡ್ಡ ದೊಡ್ಡ ಬಂಡೆಗಳ ಮೇಲೆ ಸಾಗುತ್ತದೆ. ಮರುಗಳಿಗೆಯಲ್ಲಿ ಮರದ ದಿಮ್ಮಿಗಳ ಮೆಟ್ಟಿಲೇರಿ ಗುಡ್ಡದ ನೆತ್ತಿಗೆ ಹೋಗುತ್ತದೆ. ಅಲ್ಲಿ ಸ್ವಲ್ಪ ದೂರ ಫೈನ್‌ಬಾಸ್ ಪೊದೆಗಳ ನಡುವೆ ಹಾದು, ಮತ್ತೊಂದು ಹೊಳೆಯ ಕಮರಿಗೆ ಇಳಿಯುತ್ತದೆ. ಏರಿದ್ದನ್ನೆಲ್ಲ ಕೂಡಿದರೆ ಒಟ್ಟು ಏರಿಕೆ ಸುಮಾರು 2,600 ಮೀಟರ್. ಚಿಕ್ಕಮಗಳೂರಿನ ಮುಳ್ಳಯ್ಯನಗಿರಿಯ ಎತ್ತರ ಸಮುದ್ರಮಟ್ಟದಿಂದ 1,900 ಮೀಟರಿಗಿಂತ ತುಸು ಹೆಚ್ಚು ಎಂಬುದನ್ನು ನೆನೆದರೆ ಈ ಅಂಕಿಯ ಭಾರ ಅರ್ಥವಾಗುತ್ತದೆ. ಎತ್ತರದ ಶಿಖರ ಒಂದೂ ಇಲ್ಲದ ಕರಾವಳಿಯಲ್ಲಿ, ಸಣ್ಣ ಸಣ್ಣ ಏರಿಳಿತಗಳೇ ಸೇರಿ ಒಂದು ಪರ್ವತವಾಗುತ್ತವೆ.

ಕಾಡಿನ ಭಾಗದಲ್ಲಿ ಬೃಹತ್ ಯೆಲ್ಲೋವುಡ್ ಮರಗಳ ಬೇರುಗಳು ಹಾದಿಗೆ ಅಡ್ಡಲಾಗಿ ಹಬ್ಬಿವೆ. ಕಡಲಿನ ಭಾಗದಲ್ಲಿ ಅಲೆ ಸಿಡಿದು ಸದಾ ಒದ್ದೆಯಾಗಿರುವ ಬಂಡೆಗಳು ಪಾಚಿಯಿಂದ ಜಾರುತ್ತವೆ. ಓಡುವವರ ಕಣ್ಣು ಮುಂದಿನ ಎರಡು ಮೂರು ಹೆಜ್ಜೆಗಳನ್ನು ಬಿಟ್ಟು ಕದಲುವಂತಿಲ್ಲ. ಕಡಲಲ್ಲಿ ತಿಮಿಂಗಿಲ ಚಿಮ್ಮಿದರೂ ನಿಂತು ನೋಡಬೇಕೇ ಹೊರತು ಓಡುತ್ತಾ ನೋಡುವುದು ಅಪಾಯ.

ಸಮುದ್ರದ ಗಡಿಯಾರ

ಚಂದ್ರ ಮತ್ತು ಸೂರ್ಯರ ಆಕರ್ಷಣೆಯಿಂದ ಕಡಲಿನ ಮಟ್ಟ ಏರಿಳಿಯುತ್ತದೆ ಎಂಬುದು ಶಾಲೆಯ ಪಾಠ. ಕಡಲಂಚಿನಲ್ಲಿ ಓಡುವವರಿಗೆ ಅದು ಪ್ರಾಣದ ಪ್ರಶ್ನೆ. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷಗಳ ಅಂತರ. ಹೀಗಾಗಿ ಇಂದು ಬೆಳಿಗ್ಗೆ 10 ಗಂಟೆಗೆ ಇಳಿತವಿದ್ದರೆ ನಾಳೆ ಅದು 10 ಗಂಟೆ 50 ನಿಮಿಷದ ಹೊತ್ತಿಗೆ ಬರುತ್ತದೆ. ದಿನಕ್ಕೆ ಸುಮಾರು 50 ನಿಮಿಷ ಹಿಂದೆ ಸರಿಯುವ ಈ ಗಡಿಯಾರಕ್ಕೆ ಮನುಷ್ಯರ ಕೈಗಡಿಯಾರ ಹೊಂದಿಕೊಳ್ಳಬೇಕೇ ವಿನಾ ಅದು ಇದಕ್ಕೆ ಹೊಂದಿಕೊಳ್ಳುವುದಿಲ್ಲ.

ಹುಣ್ಣಿಮೆ ಮತ್ತು ಅಮಾವಾಸ್ಯೆಯ ಆಸುಪಾಸಿನಲ್ಲಿ ಉಬ್ಬರ ಅತಿ ಎತ್ತರಕ್ಕೂ ಇಳಿತ ಅತಿ ತಗ್ಗಿಗೂ ಹೋಗುತ್ತವೆ. ಅಷ್ಟಮಿಯ ಸುಮಾರಿಗೆ ಎರಡರ ನಡುವಿನ ಅಂತರ ಕುಗ್ಗುತ್ತದೆ. ನಮ್ಮ ಕರಾವಳಿಯ ಮೀನುಗಾರರಿಗೆ ಪಂಚಾಂಗದ ತಿಥಿಯಿಂದಲೇ ತಿಳಿಯುವ ಈ ವಿಷಯವನ್ನು ಆಟರ್ ಟ್ರೇಲ್‌ಗೆ ಹೋಗುವವರು ಮುದ್ರಿತ ವೇಳಾಪಟ್ಟಿಯಿಂದ ತಿಳಿದುಕೊಳ್ಳುತ್ತಾರೆ. ವೇಳಾಪಟ್ಟಿಯನ್ನು ಜೊತೆಗಿಟ್ಟುಕೊಳ್ಳದೆ ಹೊರಡುವುದೆಂದರೆ ಕುರುಡಾಗಿ ಹೊರಟಂತೆ.

ಈ ಗಡಿಯಾರದ ಅಗತ್ಯ ಅತ್ಯಂತ ಹೆಚ್ಚಾಗಿ ಬೀಳುವುದು ಬ್ಲೌಕ್ರಾನ್ಸ್ ಅಳಿವೆಯಲ್ಲಿ. ಹೊರಟಲ್ಲಿಂದ ಸುಮಾರು 30 ಕಿ.ಮೀ. ದೂರದಲ್ಲಿ, ನಾಲ್ಕನೆಯ ದಿನದ ಹಾದಿಯ ಮಧ್ಯೆ ಇದು ಎದುರಾಗುತ್ತದೆ. ಸೇತುವೆಯಿಲ್ಲ, ದೋಣಿಯಿಲ್ಲ. ಇದೇ ನದಿಗೆ ಒಳನಾಡಿನಲ್ಲಿ 216 ಮೀಟರ್ ಎತ್ತರದ ಹೆದ್ದಾರಿ ಸೇತುವೆಯಿದ್ದು, ಅಲ್ಲಿಂದ ಹಗ್ಗ ಕಟ್ಟಿಕೊಂಡು ಕೆಳಗೆ ಧುಮುಕುವ ‘ಬಂಜೀ ಜಂಪಿಂಗ್’ ಜಗತ್ಪ್ರಸಿದ್ಧ. ಆದರೆ ಕೆಳಗೆ ಅಳಿವೆಗೆ ಬರುವವರು ತಮ್ಮ ಕಾಲಿನಿಂದಲೇ ದಾಟಬೇಕು. ಇಳಿತದ ಹೊತ್ತಿನಲ್ಲಿ ನೀರು ಮೊಣಕಾಲಿನ ಅಥವಾ ಸೊಂಟದ ಮಟ್ಟದಲ್ಲಿರಬಹುದು. ಉಬ್ಬರದಲ್ಲಿ ಅದು ಈಜಬೇಕಾದ ನದಿ. ಮೇಲಿಂದ ಹೊಳೆಯ ಸೆಳೆತ, ಎದುರಿನಿಂದ ಅಲೆಗಳ ಹೊಡೆತ.

ಆದ್ದರಿಂದ ನಾಲ್ಕನೆಯ ದಿನ ಚಾರಣಿಗರು ಇಳಿತದ ವೇಳೆಗೆ ಅನುಗುಣವಾಗಿ ಏಳುತ್ತಾರೆ. ಇಳಿತ ಬೆಳಿಗ್ಗೆ ಬೇಗ ಇದ್ದರೆ ನಸುಕಿಗೂ ಮೊದಲೇ ತಲೆದೀಪ ಹಚ್ಚಿ ಹೊರಡಬೇಕಾಗುತ್ತದೆ. ಇಳಿತದ ನಿಗದಿತ ಕ್ಷಣಕ್ಕಿಂತ ಸ್ವಲ್ಪ ಮೊದಲೇ ದಡ ತಲುಪಿ ಕಾಯುವುದು ಕ್ಷೇಮ, ಏಕೆಂದರೆ ತಡವಾಗಿ ಬಂದವರ ಪಾಲಿಗೆ ನೀರು ಏರುತ್ತಿರುತ್ತದೆ. ಬೆನ್ನಚೀಲವನ್ನು ನೀರು ಒಳಹೋಗದ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ತೇಲಿಸಿಕೊಂಡು ದಾಟುವುದು ಇಲ್ಲಿನ ರೂಢಿ. ಮಳೆಯಿಂದ ಹೊಳೆ ಉಕ್ಕಿದ್ದರೆ ಇಳಿತವೂ ನೆರವಿಗೆ ಬರುವುದಿಲ್ಲ. ಅಂಥ ಸಂದರ್ಭಕ್ಕೆಂದೇ ಹಾದಿಯ ಹಲವೆಡೆ ಗುಡ್ಡದ ಮೇಲಕ್ಕೆ ಹೋಗುವ ‘ಪಾರಾಗುವ ದಾರಿ’ಗಳನ್ನು ಗುರುತಿಸಲಾಗಿದೆ. ಹಿಂದಿರುಗುವುದನ್ನು ಸೋಲೆಂದು ಭಾವಿಸುವವರಿಗೆ ಈ ಹಾದಿ ಹೇಳಿಸಿದ್ದಲ್ಲ.

ಓಟದ ಸ್ಪರ್ಧೆ

2009ರಲ್ಲಿ ‘ಆಟರ್ ಆಫ್ರಿಕನ್ ಟ್ರೇಲ್ ರನ್’ ಹೆಸರಿನ ಸ್ಪರ್ಧೆ ಇಲ್ಲಿ ಮೊದಲ ಬಾರಿಗೆ ನಡೆಯಿತು. ದೂರ ಹೆಚ್ಚುಕಡಿಮೆ ಒಂದು ಮ್ಯಾರಥಾನ್‌ನಷ್ಟು. ಕೆಲವು ವರ್ಷ ಪೂರ್ವದಿಂದ ಪಶ್ಚಿಮಕ್ಕೂ, ಇನ್ನು ಕೆಲವು ವರ್ಷ ಪಶ್ಚಿಮದಿಂದ ಪೂರ್ವಕ್ಕೂ ಓಟ ನಡೆಯುತ್ತದೆ. ಹಿಮ್ಮುಖದ ಓಟಕ್ಕೆ ‘ಆಟರ್’ ಎಂಬುದರ ಅಕ್ಷರಗಳನ್ನು ತಿರುಗಿಸಿ ‘ರೆಟ್ಟೋ’ ಎಂದು ಹೆಸರಿಡಲಾಗಿದೆ. 2018ರಲ್ಲಿ ಅಂತರರಾಷ್ಟ್ರೀಯ ‘ಗೋಲ್ಡನ್ ಟ್ರೇಲ್ ಸೀರೀಸ್’ ಸರಣಿಯ ಅಂತಿಮ ಸ್ಪರ್ಧೆಯನ್ನು ಇಲ್ಲಿ ಏರ್ಪಡಿಸಿದ ಮೇಲೆ ಜಗತ್ತಿನ ಅಗ್ರ ಪರ್ವತ ಓಟಗಾರರಿಗೂ ಈ ಹಾದಿ ಪರಿಚಿತವಾಯಿತು.

ರಸ್ತೆಯ ಮ್ಯಾರಥಾನ್‌ನಲ್ಲಿ ವಿಶ್ವದ ಶ್ರೇಷ್ಠರು 2 ಗಂಟೆಯ ಆಸುಪಾಸಿನಲ್ಲಿ ಗುರಿ ಮುಟ್ಟುತ್ತಾರೆ. ಇಲ್ಲಿ ಗೆಲ್ಲುವವರಿಗೇ ಸುಮಾರು 4 ಗಂಟೆ ಹಿಡಿಯುತ್ತದೆ. ಸಾಧಾರಣ ಓಟಗಾರರಿಗೆ ಅದರ ದುಪ್ಪಟ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು. ಒಂದೇ ದೂರಕ್ಕೆ ಇಷ್ಟು ವ್ಯತ್ಯಾಸವಾಗುವುದು ಹಾದಿಯ ಒರಟುತನದಿಂದ.

ಸ್ಪರ್ಧೆಯ ಸಂಘಟಕರಿಗೆ ದೊಡ್ಡ ಸವಾಲು ಮತ್ತೆ ಬ್ಲೌಕ್ರಾನ್ಸ್. ಪೂರ್ವದಿಂದ ಹೊರಟಾಗ ಅಲ್ಲಿಗೆ ಹೆಚ್ಚುಕಡಿಮೆ ಮೂರನೇ ಎರಡು ಭಾಗದ ಹಾದಿ ಮುಗಿದಿರುತ್ತದೆ. ಒಟ್ಟು 6 ಗಂಟೆಯಲ್ಲಿ ಮುಗಿಸುವ ಓಟಗಾರ ಸುಮಾರು 4 ಗಂಟೆಯ ಹೊತ್ತಿಗೆ ಅಳಿವೆಗೆ ಬಂದರೆ, 10 ಗಂಟೆ ತೆಗೆದುಕೊಳ್ಳುವವರು ಬರುವಾಗ 7 ಗಂಟೆ ಸಮೀಪಿಸಿರುತ್ತದೆ. ಇಳಿತದಿಂದ ಉಬ್ಬರಕ್ಕೆ ಇರುವ ಅವಧಿಯೇ 6 ಗಂಟೆ ಚಿಲ್ಲರೆ. ಮೊದಲಿಗರು ಇಳಿತದ ಕ್ಷಣದಲ್ಲಿ ದಾಟಿದರೆ ಕೊನೆಯವರು ಅರ್ಧ ಉಬ್ಬರದಲ್ಲಿ ಸಿಲುಕುತ್ತಾರೆ. ಆದ್ದರಿಂದ ಸ್ಪರ್ಧೆಯ ದಿನಾಂಕವನ್ನು ಆಯ್ದುಕೊಳ್ಳುವುದು, ಹೊರಡುವ ವೇಳೆಯನ್ನು ನಿಗದಿಪಡಿಸುವುದು, ವೇಗದವರನ್ನೂ ನಿಧಾನದವರನ್ನೂ ಬೇರ್ಪಡಿಸುವುದು ಇವೆಲ್ಲವೂ ಇಳಿತದ ಲೆಕ್ಕವನ್ನು ಮುಂದಿಟ್ಟುಕೊಂಡೇ ಆಗಬೇಕು. ನಗರದ ಮ್ಯಾರಥಾನ್‌ನಲ್ಲಿ ಕಾಲಮಿತಿ ಇರುವುದು ರಸ್ತೆ ಸಂಚಾರಕ್ಕಾಗಿ. ಇಲ್ಲಿ ಕಾಲಮಿತಿಯನ್ನು ಹೇರುವುದು ಚಂದ್ರ.

ಓಟಗಾರರ ಸಿದ್ಧತೆ

ಕಡಲಂಚಿನ ಹಾದಿಗೆ ಬೇಕಾದ ತರಬೇತಿ ರಸ್ತೆ ಓಟದ ತರಬೇತಿಗಿಂತ ಭಿನ್ನ. ಇಲ್ಲಿ ದೂರಕ್ಕಿಂತ ಮೆಟ್ಟಿಲು ಮುಖ್ಯ. ಏರುವಾಗ ದಣಿಯುವುದು ಉಸಿರು. ಇಳಿಯುವಾಗ ಸವೆಯುವುದು ತೊಡೆಯ ಸ್ನಾಯು. ಪ್ರತಿ ಹೆಜ್ಜೆಯಲ್ಲೂ ಮೈಭಾರವನ್ನು ತಡೆದು ನಿಲ್ಲಿಸುವ ಕೆಲಸ ಆ ಸ್ನಾಯುವಿನದು. ಓಟದ ಕೊನೆಯ ಭಾಗದಲ್ಲಿ ಜನ ಎಡವುವುದು ಬಹುಮಟ್ಟಿಗೆ ಇಳಿಜಾರಿನಲ್ಲಿಯೇ. ಏರುವುದಕ್ಕೆ ಕೊಡುವಷ್ಟೇ ಗಮನವನ್ನು ಇಳಿಯುವ ಅಭ್ಯಾಸಕ್ಕೂ ಕೊಡಬೇಕು.

ಪಾದರಕ್ಷೆಯ ಅಡಿಭಾಗ ಒದ್ದೆ ಬಂಡೆಯನ್ನು ಹಿಡಿಯುವಂತಿರಬೇಕು, ಒಳಹೊಕ್ಕ ನೀರು ಬೇಗ ಹೊರಹೋಗುವಂತಿರಬೇಕು. ಹೊಳೆ ದಾಟಿದ ಮೇಲೆ ಒದ್ದೆ ಕಾಲಿನಲ್ಲಿಯೇ ಗಂಟೆಗಟ್ಟಲೆ ಓಡಬೇಕಾಗುವುದರಿಂದ ಚರ್ಮ ಉಜ್ಜಿ ಗುಳ್ಳೆ ಏಳುವುದು ಸಾಮಾನ್ಯ. ಪಾದಕ್ಕೆ ಮುಲಾಮು ಬಳಿದುಕೊಳ್ಳುವುದು, ಉಣ್ಣೆ ಅಥವಾ ಕೃತಕ ನೂಲಿನ ಕಾಲುಚೀಲ ಧರಿಸುವುದು ಅನುಭವಿಗಳ ಕ್ರಮ. ಹತ್ತಿಯ ಕಾಲುಚೀಲ ನೀರು ಹೀರಿ ಕಷ್ಟ ಕೊಡುತ್ತದೆ.

ಸೀಟಿ, ಗಾಳಿ ಮಳೆ ತಡೆಯುವ ಅಂಗಿ, ಮೈಶಾಖ ಉಳಿಸುವ ತೆಳು ಹೊದಿಕೆ, ಗಾಯಕ್ಕೆ ಕಟ್ಟುವ ಪಟ್ಟಿ, ಕುಡಿಯುವ ನೀರು ಇಷ್ಟನ್ನು ಇಂಥ ಹಾದಿಯಲ್ಲಿ ಓಡುವ ಪ್ರತಿಯೊಬ್ಬರೂ ಹೊತ್ತೊಯ್ಯಬೇಕು. ಇದು ಆಡಂಬರವಲ್ಲ. ಕಮರಿಯಲ್ಲಿ ಕಾಲು ಉಳುಕಿದವರ ಬಳಿಗೆ ವಾಹನ ಬರಲಾರದು. ನೆರವಿನವರು ನಡೆದು ಬರುವವರೆಗೆ, ಬೆವರಿ ಒದ್ದೆಯಾದ ಮೈ ಗಾಳಿಗೆ ಬೇಗ ತಣ್ಣಗಾಗುತ್ತದೆ. ಅಲೆಗಳ ಮೊರೆತದ ನಡುವೆ ಕೂಗು ಕೇಳಿಸದು. ಸೀಟಿಯ ಸದ್ದು ದೂರ ಹೋಗುತ್ತದೆ.

ಹನ್ನೆರಡರ ಲೆಕ್ಕ

ಆಟರ್ ಟ್ರೇಲ್‌ಗೆ ದಿನಕ್ಕೆ 12 ಮಂದಿಗೆ ಮಾತ್ರ ಪ್ರವೇಶ. ಗುಡಿಸಲುಗಳಲ್ಲಿ ಇರುವ ಹಾಸಿಗೆಗಳೂ ಅಷ್ಟೇ. ವರ್ಷದ 365 ದಿನವೂ ಹಾದಿ ತುಂಬಿತ್ತೆಂದು ಇಟ್ಟುಕೊಂಡರೂ ಒಟ್ಟು ಚಾರಣಿಗರ ಸಂಖ್ಯೆ 4,380ನ್ನು ಮೀರುವುದಿಲ್ಲ. ಬೆಂಗಳೂರಿಗೆ ಸಮೀಪದ ಕೆಲವು ಬೆಟ್ಟಗಳಿಗೆ ರಜಾದಿನಗಳಲ್ಲಿ ಮುಗಿಬೀಳುವ ಜನಸಂದಣಿಯನ್ನು ಕಂಡವರಿಗೆ ಈ ಮಿತಿಯ ಕಟ್ಟುನಿಟ್ಟು ಅರಿವಾದೀತು. ಬೇಡಿಕೆ ಎಷ್ಟೆಂದರೆ ಬಹಳ ತಿಂಗಳು ಮೊದಲೇ ಕಾಯ್ದಿರಿಸದಿದ್ದರೆ ಜಾಗ ಸಿಗುವುದು ಕಷ್ಟ. ಹಾಗಿದ್ದೂ ಗುಡಿಸಲುಗಳ ಸಂಖ್ಯೆಯನ್ನು ಏರಿಸುವ ಹಾದಿಯನ್ನು ಆಡಳಿತ ಹಿಡಿದಿಲ್ಲ.

ಇಲ್ಲಿಯೇ ಓಟದ ಸ್ಪರ್ಧೆ ಒಂದು ಪ್ರಶ್ನೆಯನ್ನು ಹುಟ್ಟುಹಾಕುತ್ತದೆ. ದಿನಕ್ಕೆ 12 ಜನರನ್ನು ಮಾತ್ರ ಬಿಡುವ ಹಾದಿಗೆ ಒಂದೇ ದಿನ ನೂರಾರು ಓಟಗಾರರನ್ನು ಬಿಡುವುದು ಸರಿಯೇ? ಓಟದ ಪರವಾಗಿರುವ ವಾದವೂ ತೂಕದ್ದೇ. ಓಟಗಾರರು ರಾತ್ರಿ ತಂಗುವುದಿಲ್ಲ, ಒಲೆ ಹೊತ್ತಿಸುವುದಿಲ್ಲ, ಕೆಲವೇ ಗಂಟೆಗಳಲ್ಲಿ ಹಾದುಹೋಗುತ್ತಾರೆ. ವರ್ಷದ ಉಳಿದ ದಿನಗಳಲ್ಲಿ ಹಾದಿ ಮೊದಲಿನಂತೆಯೇ ಇರುತ್ತದೆ. ಎದುರು ವಾದ ಹೀಗಿದೆ: ಮಳೆಯಿಂದ ಮೆತ್ತಗಾದ ನೆಲದ ಮೇಲೆ ನೂರಾರು ಹೆಜ್ಜೆಗಳು ಒಮ್ಮೆಗೇ ಬಿದ್ದರೆ ಮಣ್ಣು ಸವೆಯುವುದು ವರ್ಷವಿಡೀ ಹಂಚಿಹೋದ ಅಷ್ಟೇ ಹೆಜ್ಜೆಗಳಿಗಿಂತ ಹೆಚ್ಚು. ಹಿಂದಿನವರನ್ನು ದಾಟುವ ಆತುರದಲ್ಲಿ ಹಾದಿ ಬಿಟ್ಟು ಪಕ್ಕಕ್ಕೆ ಕಾಲಿಟ್ಟರೆ ಹೊಸ ದಾರಿಯೊಂದು ಹುಟ್ಟುತ್ತದೆ. ಮುಂದಿನ ಮಳೆಗೆ ಅದು ಕೊರಕಲಾಗುತ್ತದೆ.

ಋತುವಿನ ವಿಚಾರವೂ ಇದೆ. ಆಫ್ರಿಕನ್ ಬ್ಲ್ಯಾಕ್ ಆಯ್‌ಸ್ಟರ್‌ಕ್ಯಾಚರ್ ಎಂಬ, ಕಪ್ಪು ಮೈ ಕೆಂಪು ಕೊಕ್ಕಿನ ಹಕ್ಕಿ ಈ ತೀರದ ನಿವಾಸಿ. ಅದು ಮರದಲ್ಲಿ ಗೂಡು ಕಟ್ಟುವುದಿಲ್ಲ. ಉಬ್ಬರದ ಗೆರೆಗಿಂತ ತುಸು ಮೇಲೆ, ಮರಳಿನಲ್ಲೋ ಬಂಡೆಯ ಸಂದಿನಲ್ಲೋ ತಗ್ಗು ಮಾಡಿ ಮೊಟ್ಟೆಯಿಡುತ್ತದೆ. ಕಲ್ಲಿನ ಬಣ್ಣಕ್ಕೆ ಹೊಂದುವ ಆ ಮೊಟ್ಟೆ ಓಡುವವರ ಕಣ್ಣಿಗೆ ಬೀಳದು. ದಕ್ಷಿಣಾರ್ಧಗೋಳದ ಬೇಸಿಗೆಯಾದ ನವೆಂಬರ್‌ನಿಂದ ಮಾರ್ಚ್‌ವರೆಗಿನ ತಿಂಗಳುಗಳು ಅದರ ಸಂತಾನೋತ್ಪತ್ತಿಯ ಮುಖ್ಯ ಕಾಲ. ಜನ ಕಡಲತೀರಕ್ಕೆ ಹೆಚ್ಚಾಗಿ ಬರುವುದೂ ಅದೇ ತಿಂಗಳುಗಳಲ್ಲಿ. ಹಾದಿಯನ್ನು ಬಿಟ್ಟು ಕದಲಬಾರದೆಂಬ ನಿಯಮ ಕೇವಲ ಓಟಗಾರರ ಸುರಕ್ಷತೆಗಾಗಿ ಇರುವುದಲ್ಲ.

ಬೇಲಿಯ ಹೊರಗೆ ಉಳಿದವರು

ಸಂರಕ್ಷಿತ ಕಡಲತೀರದ ಕಥೆಯಲ್ಲಿ ಓಟಗಾರ ಮತ್ತು ನಿಸರ್ಗ ಎಂಬ ಎರಡೇ ಪಾತ್ರಗಳಿಲ್ಲ. ತಲೆಮಾರುಗಳಿಂದ ಆ ತೀರದಲ್ಲಿ ಗಾಳ ಹಾಕಿ ಬದುಕಿದವರು ಮೂರನೆಯವರು. ಸಿಟ್ಸಿಕಾಮದಲ್ಲಿ ಉದ್ಯಾನ ಬಂದ ಮೇಲೆ ದಡದಿಂದ ಮೀನು ಹಿಡಿಯಲು ಇದ್ದ ಅವಕಾಶ ಹಂತಹಂತವಾಗಿ ಕುಗ್ಗಿ, 2001ರಲ್ಲಿ ಪೂರ್ಣವಾಗಿ ನಿಂತುಹೋಯಿತು. ಸುತ್ತಲಿನ ಹಳ್ಳಿಗಳ ಜನರ ದೀರ್ಘ ಒತ್ತಾಯದ ಬಳಿಕ 2016ರ ಡಿಸೆಂಬರ್‌ನಲ್ಲಿ ಸರ್ಕಾರ ಆಯ್ದ ವಲಯಗಳಲ್ಲಿ ಸ್ಥಳೀಯ ನಿವಾಸಿಗಳಿಗೆ ಪರವಾನಗಿಯ ಮೇಲೆ ಮೀನು ಹಿಡಿಯಲು ಅನುಮತಿ ನೀಡಿತು.

ಈ ನಿರ್ಧಾರವನ್ನು ಹಲವು ಸಾಗರ ವಿಜ್ಞಾನಿಗಳು ವಿರೋಧಿಸಿದರು. ಈ ತೀರದ ಬಂಡೆಗಳ ನಡುವೆ ಬದುಕುವ ರೆಡ್ ರೋಮನ್‌ನಂಥ ಮೀನುಗಳು ಬಹಳ ನಿಧಾನವಾಗಿ ಬೆಳೆಯುತ್ತವೆ. ಹೆಣ್ಣಾಗಿ ಬೆಳೆದು, ದೊಡ್ಡದಾದ ಮೇಲೆ ಗಂಡಾಗಿ ಮಾರ್ಪಡುವುದು ರೆಡ್ ರೋಮನ್‌ನ ಜೀವನಕ್ರಮ. ದೊಡ್ಡ ಮೀನುಗಳನ್ನು ಹಿಡಿದರೆ ಗಂಡುಗಳೇ ಕಡಿಮೆಯಾಗಿ ಸಂತತಿ ಕುಸಿಯುತ್ತದೆ. ದಶಕಗಳ ಕಾಲ ಮುಟ್ಟದೆ ಉಳಿಸಿದ ಸಂಪತ್ತನ್ನು ಅಲ್ಪ ಅವಧಿಯಲ್ಲಿ ಕಳೆದುಕೊಳ್ಳಬಹುದು ಎಂಬುದು ಅವರ ಆತಂಕ.

ಹಳ್ಳಿಗರ ಪ್ರಶ್ನೆಯೂ ಸರಳವಾಗಿ ತಳ್ಳಿಹಾಕುವಂಥದ್ದಲ್ಲ. ಹಣ ಕೊಟ್ಟು ಬರುವ ಪ್ರವಾಸಿಗನಿಗೆ ಈ ತೀರದಲ್ಲಿ ಓಡುವ ಹಕ್ಕಿದೆ. ಇಲ್ಲೇ ಹುಟ್ಟಿದವನಿಗೆ ಒಂದು ಗಾಳ ಹಾಕುವ ಹಕ್ಕಿಲ್ಲವೇ? ಈ ಪ್ರಶ್ನೆ ಸಿಟ್ಸಿಕಾಮದ್ದು ಮಾತ್ರವಲ್ಲ. ಉದ್ಯಾನದ ಗಡಿ ಎಳೆದ ಎಲ್ಲ ಕರಾವಳಿಗಳಲ್ಲೂ ಅದು ಕೇಳಿಬರುತ್ತದೆ. ಹಾದಿಯ ನಿರ್ವಹಣೆ, ಮಾರ್ಗದರ್ಶನ, ಸಾಮಾನು ಸಾಗಣೆ, ಊಟ ವಸತಿಯಂಥ ಕೆಲಸಗಳಲ್ಲಿ ಸ್ಥಳೀಯರಿಗೆ ಪಾಲು ದೊರೆತಾಗ ಅಸಮಾಧಾನ ತಗ್ಗೀತು; ದೊರೆಯದಿದ್ದಾಗ ಓಟದ ಹಬ್ಬ ಅವರ ಕಣ್ಣಿಗೆ ಹೊರಗಿನವರ ಜಾತ್ರೆಯಾಗಿಯೇ ಉಳಿಯುತ್ತದೆ.

ಸಮೀಪದಲ್ಲೊಂದು ಕಿರುಹಾದಿ

ಆಟರ್ ಟ್ರೇಲ್‌ನಲ್ಲಿ ಜಾಗ ಸಿಗದವರಿಗೆ, ಅಥವಾ ಅಷ್ಟು ದೂರದ ಸಾಹಸ ಬೇಡವೆನ್ನುವವರಿಗೆ, ಪಶ್ಚಿಮದ ಪ್ಲೆಟೆನ್‌ಬರ್ಗ್ ಬೇ ಪಟ್ಟಣದ ಬಳಿ ರಾಬರ್ಗ್ ನಿಸರ್ಗಧಾಮವಿದೆ. ಸಮುದ್ರದೊಳಕ್ಕೆ ಚಾಚಿಕೊಂಡ ಒಂದು ಭೂಶಿರವೇ ಈ ಧಾಮ. ಡಚ್ ಭಾಷೆಯಲ್ಲಿ ‘ರಾಬ್’ ಎಂದರೆ ಸೀಲ್ ಪ್ರಾಣಿ, ‘ಬರ್ಗ್’ ಎಂದರೆ ಬೆಟ್ಟ. ಹೆಸರಿಗೆ ತಕ್ಕಂತೆ ಬಂಡೆಗಳ ಮೇಲೆ ಸೀಲ್‌ಗಳ ಹಿಂಡು ಬಿಸಿಲು ಕಾಯುತ್ತಿರುತ್ತದೆ. ಇಲ್ಲಿನ ನೆಲ್ಸನ್ ಬೇ ಗುಹೆಯಲ್ಲಿ ಶಿಲಾಯುಗದ ಮಾನವ ವಾಸದ ಕುರುಹುಗಳು ಪತ್ತೆಯಾಗಿವೆ.

ಇಲ್ಲಿ ಸುಮಾರು 2, 5.5 ಮತ್ತು 9 ಕಿ.ಮೀ.ಗಳ ಮೂರು ಸುತ್ತುಹಾದಿಗಳಿವೆ. ದೀರ್ಘ ಸುತ್ತು ಭೂಶಿರದ ತುದಿಯನ್ನು ಬಳಸಿ ಬರುತ್ತದೆ. ಓಟಕ್ಕೆ ಹೊಸಬರಾದವರು ಮಧ್ಯದ ಸುತ್ತಿನಿಂದ ಆರಂಭಿಸುವುದು ಒಳಿತು. ತುದಿಯ ಬಂಡೆಗಳ ಮೇಲೆ ಶಾಂತವಾಗಿ ಕಾಣುವ ದಿನವೂ ಅನಿರೀಕ್ಷಿತವಾಗಿ ದೊಡ್ಡ ಅಲೆಯೊಂದು ಅಪ್ಪಳಿಸುವುದುಂಟು. ನೀರಿನ ಅಂಚಿನಿಂದ ದೂರವಿರಬೇಕೆಂಬ ಎಚ್ಚರಿಕೆಯನ್ನು ಲಘುವಾಗಿ ಪರಿಗಣಿಸಬಾರದು.

ಕರ್ನಾಟಕದ ಕರಾವಳಿಗೆ ಪಾಠ

ಕರ್ನಾಟಕದ ಕಡಲತೀರದಲ್ಲೂ ನಡೆಯುವ, ಓಡುವ ಹಾದಿಗಳಿವೆ. ಗೋಕರ್ಣದ ಕುಡ್ಲೆ, ಓಂ, ಹಾಫ್ ಮೂನ್ ಮತ್ತು ಪ್ಯಾರಡೈಸ್ ಕಡಲತೀರಗಳನ್ನು ಜೋಡಿಸುವ ಗುಡ್ಡದ ಕಾಲುದಾರಿ ಇವುಗಳಲ್ಲಿ ಪ್ರಸಿದ್ಧ. ಅಲ್ಲಿಯೂ ಬಂಡೆಗಳ ಬುಡದ ಕೆಲವು ಜಾಗಗಳನ್ನು ಇಳಿತದಲ್ಲಿ ಸುಲಭವಾಗಿ ದಾಟಬಹುದು, ಉಬ್ಬರದಲ್ಲಿ ಸುತ್ತುಬಳಸಿ ಹೋಗಬೇಕು. ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರ ತಾಲ್ಲೂಕಿನಲ್ಲಿ ಅಪ್ಸರಕೊಂಡ-ಮುಗಳಿ ಸಾಗರ ವನ್ಯಧಾಮ 2020ರ ದಶಕದಲ್ಲಿ ರೂಪುಗೊಂಡಿದ್ದು, ಇದು ರಾಜ್ಯದ ಮೊದಲ ಸಾಗರ ವನ್ಯಧಾಮ.

ಹೊನ್ನಾವರದ ಸುತ್ತಲಿನ ಮರಳದಂಡೆಗಳಿಗೆ ಚಳಿಗಾಲದ ತಿಂಗಳುಗಳಲ್ಲಿ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆಯಿಡಲು ಬರುತ್ತವೆ. ಅವು ಬರುವುದು ರಾತ್ರಿ. ದೀಪದ ಬೆಳಕು ಕಂಡರೆ ತಾಯಿ ಆಮೆ ಮೊಟ್ಟೆಯಿಡದೆ ಹಿಂದಿರುಗಬಹುದು. ಮೊಟ್ಟೆಯೊಡೆದ ಮರಿಗಳು ಕಡಲಿನ ಹೊಳಪನ್ನು ಅರಸುವ ಬದಲು ದೀಪದ ಕಡೆಗೆ ಹರಿದು ದಾರಿತಪ್ಪುತ್ತವೆ. ನಸುಕಿನಲ್ಲಿ ತಲೆದೀಪ ಧರಿಸಿ ಮರಳಿನ ಮೇಲೆ ಓಡುವ ಹವ್ಯಾಸಿಗಳು ಗಮನಿಸಬೇಕಾದ ಸಂಗತಿಯಿದು. ಆಮೆಗಳು ಮೊಟ್ಟೆಯಿಡುವ ತೀರಗಳಿಗೆ ಕರಾವಳಿ ನಿಯಂತ್ರಣ ವಲಯದ ನಿಯಮಗಳಲ್ಲಿ ಅತ್ಯಂತ ಕಟ್ಟುನಿಟ್ಟಿನ ರಕ್ಷಣೆಯಿದೆ.

ಮಿತಿ ಎಂಬ ಕಲ್ಪನೆ ನಮ್ಮ ಕರಾವಳಿಗೆ ಪರಕೀಯವೂ ಅಲ್ಲ. ಪ್ರತಿವರ್ಷ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಮೀನುಗಳಿಗೆ ಮರಿಮಾಡಲು ಬಿಡುವು ಕೊಡುವ ಈ ನಿಯಮವನ್ನು ಸಾವಿರಾರು ಮೀನುಗಾರ ಕುಟುಂಬಗಳು ತಮ್ಮ ಆದಾಯ ಬಿಟ್ಟು ಪಾಲಿಸುತ್ತಿವೆ. ಜೀವನೋಪಾಯಕ್ಕಾಗಿ ಕಡಲನ್ನು ಅವಲಂಬಿಸಿದವರೇ ಎರಡು ತಿಂಗಳು ದಡದಲ್ಲಿ ನಿಲ್ಲುವಾಗ, ಹವ್ಯಾಸಕ್ಕಾಗಿ ಬರುವವರು ಸಂಖ್ಯೆಯ ಮಿತಿಗೂ ಋತುವಿನ ಮಿತಿಗೂ ತಲೆಬಾಗುವುದು ದೊಡ್ಡ ತ್ಯಾಗವಾಗದು.

ಹೋಗಬಯಸುವವರಿಗೆ

ಸ್ಟಾರ್ಮ್ಸ್ ರಿವರ್ ಅಳಿವೆಗೆ ಪೂರ್ವದಲ್ಲಿ ಗೆಬೆಹಾ ನಗರವೂ (2021ರವರೆಗೆ ಪೋರ್ಟ್ ಎಲಿಜಬೆತ್), ಪಶ್ಚಿಮದಲ್ಲಿ ಜಾರ್ಜ್ ಪಟ್ಟಣವೂ ವಿಮಾನ ಸಂಪರ್ಕವುಳ್ಳ ಊರುಗಳು. ಎರಡೂ ಕಡೆಯಿಂದ ಎನ್2 ಹೆದ್ದಾರಿಯಲ್ಲಿ ಬರಬಹುದು. ಚಾರಣಕ್ಕೆ ದಕ್ಷಿಣ ಆಫ್ರಿಕಾದ ರಾಷ್ಟ್ರೀಯ ಉದ್ಯಾನಗಳ ಸಂಸ್ಥೆಯಲ್ಲಿ ಮುಂಗಡವಾಗಿ ಕಾಯ್ದಿರಿಸುವುದು ಕಡ್ಡಾಯ. ಕಾಯ್ದಿರಿಸದೆ ಬಂದವರು ಹಾದಿಯ ಆರಂಭದಿಂದ ಸುಮಾರು 3 ಕಿ.ಮೀ. ದೂರದ ಜಲಪಾತದವರೆಗೆ ಮಾತ್ರ ಹೋಗಿ ಹಿಂದಿರುಗಬಹುದು. ಕಡಲ ಬಂಡೆಗಳ ಮೇಲೆ ನೇರವಾಗಿ ಧುಮುಕುವ ಆ ಜಲಪಾತದವರೆಗಿನ ದಾರಿಯೇ ಇಡೀ ಹಾದಿಯ ಒರಟುತನದ ಪರಿಚಯ ಮಾಡಿಸುತ್ತದೆ. ಅಳಿವೆಯ ಮೇಲಿರುವ 77 ಮೀಟರ್ ಉದ್ದದ ತೂಗುಸೇತುವೆ ಕುಟುಂಬ ಸಮೇತ ಬಂದವರಿಗೂ ಎಟಕುತ್ತದೆ.

ಹೊರಡುವ ಮುನ್ನ ನೋಡಬೇಕಾದದ್ದು ಎರಡು ಕಾಗದಗಳು: ಹವಾಮಾನ ಮುನ್ಸೂಚನೆ ಮತ್ತು ಉಬ್ಬರವಿಳಿತದ ವೇಳಾಪಟ್ಟಿ. ಇವೆರಡೂ ಅನುಕೂಲವಾಗಿಲ್ಲದ ದಿನ ಎಷ್ಟೇ ತರಬೇತಿ ಪಡೆದ ಓಟಗಾರನಾದರೂ ದಡದಲ್ಲಿ ಕುಳಿತು ಕಾಯಬೇಕು. ನೀರುನಾಯಿಯೂ ಹಾಗೆಯೇ ಮಾಡುತ್ತದೆ.